ಚಿಕ್ಕಮಾವನ ಹಲಗೆ

ಹಂದಿಮಾಂಸದ ತುಂಡುಗಳನ್ನು ಫುಮಿಕೊ ತೊಗಲು ಕೆಳಗೆ ಮಾಡಿ ಜೋಡಿಸಿಬಿಟ್ಟಿದ್ದಳು. ಒಂದೆರಡಲ್ಲ, ಇಡೀ ಸಾಲು. ಅತ್ತೆ ಕಾಮದೋ ಬಂದು ಮೆರುಗೆಣ್ಣೆಯ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿ, "ಅಯ್ಯಯ್ಯೋ, ಯಾರೇ ಸತ್ತಿರೋದು ಈ ಮನೇಲಿ?" ಎಂದು ಕೂಗಿದಾಗಲೇ ಅವಳಿಗೆ ಗೊತ್ತಾದದ್ದು. ತೊಗಲು ಕೆಳಗಿದ್ದರೆ ಅದು ಸಾವಿನ ಮನೆಯ ಎಡೆ. ಇವತ್ತು ಶೀಮಿ, ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಹಿರಿಯರ ಗೋರಿಯ ಮುಂದೆ ಚಾಪೆ ಹಾಸಿ ಅವರ ಜೊತೆ ಉಣ್ಣುವ ದಿನ. ಇವತ್ತು ತೊಗಲು ಮೇಲಿರಬೇಕು. ಮದುವೆಯಾಗಿ ಬಂದ ಮೊದಲ ವರ್ಷದಿಂದ ಫುಮಿಕೊಳೇ ಈ ಪೆಟ್ಟಿಗೆ ತುಂಬುತ್ತಿದ್ದಳು, ಕಣ್ಣು ಮುಚ್ಚಿಕೊಂಡು ತುಂಬಬಲ್ಲಳು, ಇವತ್ತು ಹಾಗೆಯೇ ತುಂಬಿದ್ದಳು. "ಆಸ್ಪತ್ರೇಲಿ ಹುಡುಗ ಮಲಗಿದಾನೆ. ನೀನು ನೋಡಿದ್ರೆ ಇಲ್ಲಿ ಹೆಣದ ಊಟ ಕಟ್ತಾ ಇದೀಯ. ಬುದ್ಧಿ ಎಲ್ಲಿಟ್ಟಿದ್ದೀಯಮ್ಮ?" ಎಂದಳು ಅತ್ತೆ. ಒಲೆಯ ಹತ್ತಿರ ಕಡಲಪಾಚಿಯ ಪಟ್ಟಿಗಳನ್ನು ಗಂಟು ಹಾಕುತ್ತಿದ್ದ ಚಿಕ್ಕತ್ತೆ ಚಿರೂ ಎದ್ದು ಬಂದು, ಕಡ್ಡಿಯಿಂದ ಒಂದೊಂದೇ ತುಂಡನ್ನು ಮಗುಚತೊಡಗಿದಳು. "ಬಿಡಕ್ಕಾ, ತಿರುಗಿಸಿದ್ರೆ ಆಯ್ತು. ಹಂದಿಗೇನು ಗೊತ್ತಾಗುತ್ತೆ ಮೇಲ್ಯಾವುದು ಕೆಳಗ್ಯಾವುದು ಅಂತ." ಕಾಮದೋಗೆ ನಗು ಬಂತು, ಆದರೆ ಚಿರೂ ಹೇಳಿದ್ದಕ್ಕೆ ಇವತ್ತು ನಗಬಾರದೆಂದು ನೆನಪಾಗಿ ತಡೆದುಕೊಂಡಳು. ಅದು ಫುಮಿಕೊಗೆ ಕಂಡಿತು. ಚಿರೂಗೂ ಕಂಡಿರಬೇಕು. ಅವಳು ತಲೆ ತಗ್ಗಿಸಿಕೊಂಡು ಉಳಿದ ತುಂಡುಗಳನ್ನು ಮಗುಚಿದಳು.

ಅಮ್ಮಂದಿರ ಕಡೆಯಿಂದ ಬರುತ್ತೆ ಇದು. ಮೊನ್ನೆ ಮಧ್ಯಾಹ್ನ ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ, ಸಮುದ್ರದಾಚೆಯ ದೊಡ್ಡ ನಾಡಿನಿಂದ ಬಂದ ಎಳೆ ವಯಸ್ಸಿನ ಡಾಕ್ಟರು ಇಷ್ಟು ಹೇಳಿ, ಅವಳ ಮುಖ ನೋಡಲಾರದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಮಾತು ಅಲ್ಲಿಂದ ಇಲ್ಲಿಯವರೆಗೂ ಅವಳ ಬಾಯಲ್ಲೇ ಇತ್ತು. ನುಂಗಲೂ ಆಗದು, ಉಗುಳಲೂ ಆಗದು. ಮಗ ತೆತ್ಸುವಿನ ಹೊಟ್ಟೆಯ ಹುಳದ ಕತೆ ಊರಿಗೆಲ್ಲ ಗೊತ್ತು. ಬರಿಗಾಲಲ್ಲಿ ಕಬ್ಬಿನ ಗದ್ದೆಗೆ, ಹಂದಿಗೂಡಿನ ಹಿಂದಿನ ಕೆಸರಿಗೆ ಇಳಿಯುವ ಮಕ್ಕಳ ಪಾದದಿಂದ ಅದು ಒಳಗೆ ಹೋಗುತ್ತದೆ, ಕೂದಲಿಗಿಂತ ಸಣ್ಣದು. ಪಕ್ಕದ ಮನೆಯವನಿಗೂ ಇತ್ತು, ಮೀನಂಗಡಿಯವನ ಮಕ್ಕಳಿಗೂ ಇತ್ತು. ಎಲ್ಲರಿಗೂ ಅದೇ ಮಾತ್ರೆ, ನುಂಗಿದರು, ಮುಗಿಯಿತು, ಮತ್ತೆ ಗದ್ದೆಗೆ ಇಳಿದರು. ತೆತ್ಸುವಿಗೆ ಮಾತ್ರ ಮುಗಿಯಲಿಲ್ಲ. ಹೋಯಿತು ಅನ್ನುವಷ್ಟರಲ್ಲಿ ಬರುತ್ತಿತ್ತು. ಬರುವಾಗ ಕೆಮ್ಮು, ಜ್ವರ, ನೀರಿನ ಹಾಗೆ ಭೇದಿ. ಎಂಟು ವರ್ಷದ ಹುಡುಗ ಐದರವನಂತೆ ಕಾಣುತ್ತಿದ್ದ. ಡಾಕ್ಟರು ಪಾಪ ಅವಳಿಗೆ ಅರ್ಥವಾಗಲೆಂದು ಬಹಳ ಕಷ್ಟಪಟ್ಟಿದ್ದ. "ಹುಳ ಎಲ್ಲರ ಮೈಗೂ ಹೋಗುತ್ತಮ್ಮ. ಮೈ ಅದನ್ನ ಅದುಮಿ ಇಟ್ಕೊಳುತ್ತೆ. ನಿಮ್ಮ ಮಗನ ರಕ್ತದಲ್ಲಿ ಆ ಅದುಮೋ ಆಳುಗಳೇ ಇಲ್ಲ. ಹುಟ್ಟಿದಾಗಿಂದ ಇಲ್ಲ. ಅದಕ್ಕೇ ಹುಳ ಒಳಗೊಳಗೇ ಮರಿ ಹಾಕ್ಕೊಂಡು ಆರಾಮಾಗಿದೆ." ಆರಾಮಾಗಿದೆ ಎಂದದ್ದಕ್ಕೆ ತಾನೇ ನಾಚಿಕೊಂಡು ಕ್ಷಮೆ ಕೇಳಿದ್ದ.

ಮನೆತನದಿಂದ ಬಂದದ್ದಿರಬಹುದು, ನೆಂಟರನ್ನು ಕರೆತನ್ನಿ, ರಕ್ತ ನೋಡಬೇಕು ಎಂದು ಅವನೇ ಹೇಳಿದ್ದು, ಚಳಿಗಾಲದಲ್ಲಿ. ಗಂಡನ ಯೊನಮಿನೆ ಮನೆತನದವರು ಇಂಥದ್ದಕ್ಕೆಲ್ಲ ಹಿಂದೆ ಬೀಳುವವರಲ್ಲ. ಹಿರಿಮಗನ ಹಿರಿಮಗ ತೆತ್ಸು, ನಾಳೆ ಮನೆಯ ಪೀಠದ ಮೇಲೆ ಕೂತ, ಸತ್ತ ಹಿರಿಯರ ಹೆಸರು ಬರೆದ ಹಲಗೆಗಳನ್ನೆಲ್ಲ ಕಾಯಬೇಕಾದವನು. ಅವನಿಗಾಗಿ ವ್ಯಾನು ಮಾಡಿಕೊಂಡು ಹೊರಟರು: ಗಂಡನ ತಂಗಿಯರು, ದೊಡ್ಡಪ್ಪನ ಮಕ್ಕಳು, ಅವರ ಮಕ್ಕಳು, ಹಲ್ಲಿಲ್ಲದ ಒಬ್ಬ ಅಜ್ಜ. ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ತೋಳು ಮಡಿಸಿಕೊಂಡು ಸಾಲಾಗಿ ಕೂತು, ನನಗೆ ಜಾಸ್ತಿ ತೆಗೆದರು ನಿನಗೆ ಕಡಿಮೆ ತೆಗೆದರು ಎಂದು ಗದ್ದಲ. "ನಮ್ಮ ರಕ್ತದಲ್ಲಿ ಅವಾಮೊರಿ ಸಾರಾಯಿ ಸಿಗುತ್ತೆ, ನೋಡ್ಕೊಳಿ ಡಾಕ್ಟ್ರೇ," ಎಂದು ಅಜ್ಜ ಅಂದದ್ದಕ್ಕೆ ನರ್ಸುಗಳೆಲ್ಲ ನಕ್ಕಿದ್ದರು. ಫುಮಿಕೊ ಅಕ್ಕಿಯುಂಡೆಗಳ ಡಬ್ಬಿ ಹಿಡಿದು ಆ ಸಾಲಿನ ಉದ್ದಕ್ಕೂ ಹಂಚುತ್ತ ಹೋಗಿದ್ದಳು, ಚಹಾ ಬಗ್ಗಿಸಿದ್ದಳು. ಅವಳ ತೋಳನ್ನು ಯಾರೂ ಕೇಳಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಮನೆತನ ಎಂದಮೇಲೆ ಮುಗಿಯಿತು, ಹಲಗೆ ಬರುವುದು ಗಂಡಿನಿಂದ ಗಂಡಿಗೆ, ಗೋರಿ ಬರುವುದು ಹಾಗೆ, ಹೊಲ ಬರುವುದು ಹಾಗೆ. ರೋಗ ಬರುವುದಾದರೆ ಅದೂ ಆ ದಾರಿಯಲ್ಲೇ ಬರಬೇಕಲ್ಲ. ಎಲ್ಲರ ರಕ್ತವೂ ಚೆನ್ನಾಗಿತ್ತು. ಡಾಕ್ಟರು ತಲೆ ಕೆರೆದುಕೊಂಡ. ಮೊನ್ನೆ, ಏನೋ ತೋಚಿದವನಂತೆ, "ನಿಮ್ಮ ಕಡೆಯವರು?" ಎಂದು ಕೇಳಿದಾಗ ಫುಮಿಕೊ ಹಿಂತಿರುಗಿ ನೋಡಿದ್ದಳು, ಬೇರೆ ಯಾರನ್ನೋ ಕೇಳುತ್ತಿದ್ದಾನೆಂದು. ಹಿಂದಿನ ಗೋಡೆಯ ಮೇಲೆ ಕ್ಯಾಲೆಂಡರ್ ಮಾತ್ರ ಇತ್ತು.

"ಡಾಕ್ಟ್ರು ಏನಂದ್ರು ಅಂತ ನೀನು ಹೇಳ್ಲೇ ಇಲ್ಲ," ಎಂದ ಗಂಡ ಮೊರಿಯಾಸು, ವ್ಯಾನಿನ ಹಿಂಭಾಗಕ್ಕೆ ಚಾಪೆ ಏರಿಸುತ್ತ.

"ಮುಂದಿನ ವಾರ ಹೇಳ್ತೀನಿ ಅಂದ್ರು ರೀ."

"ಮೊನ್ನೆಯಿಂದ ನೀನು ಸರಿಯಾಗಿ ಉಂಡಿಲ್ಲ."

"ಉಂಡಿದೀನಿ."

ಅವನು ಇನ್ನೇನೋ ಕೇಳಬೇಕೆಂದು ನಿಂತ, ಅಮ್ಮ ಕೂಗಿದಳು, ಹೋದ. ಒಳ್ಳೆಯವನು. ಎರಡು ಮಾತಿನ ನಡುವೆ ಯಾರಾದರೂ ಕೂಗಿದರೆ ಹೊರಟುಹೋಗುವಷ್ಟು ಒಳ್ಳೆಯವನು.

ದಾರಿಯುದ್ದಕ್ಕೂ ಚಿರೂ ಅವಳ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಒಂದು ನೇರಳೆ ಬಟ್ಟೆ, ಇಸ್ತ್ರಿ ಮಾಡಿದ್ದು. ಅದನ್ನು ಬಿಡಿಸುವುದು, ಮಡಿಸುವುದು, ಮತ್ತೆ ಬಿಡಿಸುವುದು. ನಾಳೆ ಆ ಬಟ್ಟೆಯಲ್ಲಿ ಗಂಡನ ಹಲಗೆ ಸುತ್ತಿಕೊಂಡು ಚಿರೂ ಪಟ್ಟಣದ ಗುಡಿಗೆ ಹೋಗಬೇಕು, ಅದನ್ನು ಅಲ್ಲಿ ಒಪ್ಪಿಸಿ, ಅಲ್ಲಿಂದ ಹಾಗೆಯೇ ತಂಗಿಯ ಮಗಳ ಬಾಡಿಗೆ ಮನೆಗೆ. ಸತ್ತವರ ಜೊತೆ ಮಾತಾಡುವ ಯುತಾ ಹೆಂಗಸು ಹಾಗೆ ಹೇಳಿಬಿಟ್ಟಿದ್ದಳು. ಎಲ್ಲರ ರಕ್ತ ಚೆನ್ನಾಗಿದೆ ಎಂದು ಆಸ್ಪತ್ರೆಯವರು ಹೇಳಿದ ಮಾರನೇ ದಿನವೇ ಕಾಮದೋ ಅವಳ ಹತ್ತಿರ ಹೋಗಿದ್ದು. ರಕ್ತದಲ್ಲಿಲ್ಲ ಅಂದಮೇಲೆ ಹಲಗೆಯಲ್ಲಿರಬೇಕು. ಯುತಾ ಅಕ್ಕಿಕಾಳು ಚೆಲ್ಲಿ, ಕಣ್ಣು ಮುಚ್ಚಿ, ಆಕಳಿಸಿ, ನಿಮ್ಮ ಮನೆಯ ಪೀಠದ ಮೇಲೆ ನಿನ್ನ ಗಂಡನ ಹಲಗೆಯ ಪಕ್ಕ ಅವನ ತಮ್ಮನ ಹಲಗೆ ಕೂತಿದೆ, ಅಣ್ಣತಮ್ಮಂದಿರು ಒಂದೇ ಪೀಠದಲ್ಲಿ ಇರಬಾರದು, ಅದರ ಭಾರ ಹಿರಿಮೊಮ್ಮಗನ ಮೇಲೆ ಬಿದ್ದಿದೆ ಎಂದಳು. ಇದ್ದದ್ದು ಹೌದು. ಚಿಕ್ಕಮಾವ ಮೊರಿತೋಕು ಮೀನಿಗೆ ಹೋಗಿ ತಿರುಗಿ ಬಾರದಿದ್ದಾಗ, ಮಕ್ಕಳಿಲ್ಲದ ಚಿರೂನನ್ನು ಎಲ್ಲಿಗೆ ಕಳಿಸುವುದೆಂದು, ಕಾಮದೋಳೇ ಅವನ ಹಲಗೆಯನ್ನು ಮನೆಯ ಪೀಠಕ್ಕೇರಿಸಿ ಓರಗಿತ್ತಿಯನ್ನು ಮನೆಯಲ್ಲೇ ಉಳಿಸಿಕೊಂಡಿದ್ದಳು. ಅವತ್ತು ಯಾರೂ ತಪ್ಪೆನ್ನಲಿಲ್ಲ. ಇಬ್ಬರೂ ಒಂದೇ ಒಲೆಯ ಮುಂದೆ ಜಗಳವಾಡಿಕೊಂಡು ಮುದುಕಿಯರಾಗಿದ್ದರು. ಯುತಾ ಹೇಳಿದ್ದನ್ನು ಕೇಳಿ ಚಿರೂ ಒಂದೇ ಒಂದು ಮಾತು ಆಡಿದ್ದು: "ತೆತ್ಸುಗೆ ವಾಸಿಯಾಗೋದಾದ್ರೆ ನನ್ನ ಗಂಡನನ್ನ ನಾನೇ ಹೊತ್ಕೊಂಡು ಹೋಗ್ತೀನಿ." ಜ್ವರದ ರಾತ್ರಿಗಳಲ್ಲಿ ಹುಡುಗನ ಪಾದ ಉಜ್ಜುತ್ತ ಕೂತವಳು ಅವಳೇ. ಫುಮಿಕೊ ನಿದ್ದೆ ಮಾಡಲಿ ಎಂದು.

ಈಗ ಹೇಳಬೇಕು, ವ್ಯಾನಿನಲ್ಲೇ ಹೇಳಿಬಿಡಬೇಕು ಅಂದುಕೊಂಡಳು ಫುಮಿಕೊ. ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಯಾರೂ ಹೊಡೆಯುವುದಿಲ್ಲ, ಯಾರೂ ಮನೆ ಬಿಡು ಎನ್ನುವುದಿಲ್ಲ. ನಾದಿನಿಯರು ಪಾತ್ರೆ ತೊಳೆಯುವಾಗ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ, ಅಷ್ಟೇ. ಅಜ್ಜ ಇನ್ನು ತಮಾಷೆ ಮಾಡುವುದಿಲ್ಲ. ಆ ಅಷ್ಟೇ ಅನ್ನುವುದೇ ಅವಳಿಗೆ ಬೇಡವಾಗಿತ್ತು. ಅದಕ್ಕಾಗಿ ಒಬ್ಬ ಮುದುಕಿಯನ್ನು ಮನೆಯಿಂದ ಹೊರಗೆ ಹಾಕಲು ಬಿಡುತ್ತೀಯಾ? ಬಿಡುತ್ತೇನೆ ಅನ್ನಿಸುತ್ತಿತ್ತು, ಮರುಗಳಿಗೆಗೆ ತನ್ನ ಬಗ್ಗೆಯೇ ಹೇಸಿಗೆಯಾಗುತ್ತಿತ್ತು. ಇನ್ನೊಂದು ಇದಕ್ಕಿಂತ ಕೆಟ್ಟದ್ದಿತ್ತು. ಡಾಕ್ಟರು ಕೊನೆಗೆ ಹೇಳಿದ್ದ: "ನಿಮ್ಮ ಕಡೆ ಬೇರೆ ಗಂಡುಮಕ್ಕಳಿದ್ರೆ ತಡ ಮಾಡದೆ ಕರ್ಕೊಂಡು ಬನ್ನಿ. ಬೇರೆಯವರ ರಕ್ತದಿಂದ ತೆಗೆದ ಔಷಧ ಇದೆ, ತಿಂಗಳು ತಿಂಗಳು ಕೊಡ್ತಾ ಹೋದ್ರೆ ಆಯ್ತು. ಎಳೆಯದ್ರಲ್ಲೇ ಹಿಡಿದ್ರೆ ಚೆನ್ನಾಗಿ ಬದುಕ್ತಾರೆ." ಅವಳ ತಂಗಿ ನೊಬುಕೊಗೆ ಎರಡು ವರ್ಷದ ಮಗ ಇದ್ದಾನೆ, ಮಸಾತೊ. ಅವನಿಗೆ ಕಿವಿ ಸೋರುತ್ತದೆ, ವಾಸಿಯಾಗುತ್ತದೆ, ಮತ್ತೆ ಸೋರುತ್ತದೆ. ಮೊನ್ನೆಯಿಂದ ಅವಳು ಮೂರು ಸಲ ಫೋನಿನ ಹತ್ತಿರ ಹೋಗಿ ಅದರ ಧೂಳು ಒರೆಸಿ ಬಂದಿದ್ದಳು.

ಗೋರಿಯ ಅಂಗಳದ ಹುಲ್ಲನ್ನು ಗಂಡಸರು ಮೊದಲೇ ಸವರಿದ್ದರು. ಕಡಿದ ಹುಲ್ಲಿನ ಹಸಿ ವಾಸನೆ. ಆ ವಾಸನೆ ಮೂಗಿಗೆ ಬಿದ್ದದ್ದೇ ಚೋಕಿ ನೆನಪಾಗಿ ಕಣ್ಣಮುಂದೆ ಬಂದ, ಅವಳ ತಮ್ಮ, ಗೆಣಸಿನ ಬಳ್ಳಿಯ ನಡುವೆ ಚಡ್ಡಿ ಎತ್ತಿಕೊಂಡು. ಅಕ್ಕಾ ಮಣ್ಣು ತಣ್ಣಗಿದೆ! ಚಪ್ಪಲಿ ಬಿಚ್ಚಿ ಬದುವಿನ ಮೇಲಿಡು ಎಂದವಳು ಅವಳೇ, ಕೆಸರಾದರೆ ಅಮ್ಮ ಬಯ್ಯುತ್ತಾಳೆ. ಮನೆಯ ಹಿಂದಿನ ಕಕ್ಕಸು ಗುಂಡಿಯದ್ದನ್ನೆಲ್ಲ ಬಕೆಟ್ಟಿನಲ್ಲಿ ಹೊತ್ತು ಸುರಿಯುತ್ತಿದ್ದ ಹೊಲ ಅದು, ಗೆಣಸು ಮಗುವಿನ ತಲೆಯಷ್ಟು ದಪ್ಪ ಬರುತ್ತಿತ್ತು. ಅದಾದ ಮೇಲೆ ಚೋಕಿಗೆ ಹೊಟ್ಟೆ ಕೆಟ್ಟಿತು. ಆರು ವರ್ಷದವನು, ಕೊನೆಗೆ ಅವನನ್ನು ಎತ್ತಿಕೊಂಡರೆ ಬಟ್ಟೆ ಎತ್ತಿಕೊಂಡಂತಿತ್ತು. ಚಿಕ್ಕವನಲ್ಲವೇ, ಹಲಗೆ ಮಾಡಲಿಲ್ಲ, ದೊಡ್ಡ ಗೋರಿಯಲ್ಲಿ ಇಡಲಿಲ್ಲ, ಬೇಲಿಯಾಚೆ ಒಂದು ಕಡೆ ಮಣ್ಣು ಮಾಡಿ, ಅವನ ಹೆಸರು ಹೇಳುವುದನ್ನು ಬಿಟ್ಟರು. ಫುಮಿಕೊ ಬೆಳೆದು, ಮದುವೆಯಾಗಿ, ಮಗನನ್ನು ಹೆತ್ತು, ಇವತ್ತಿನವರೆಗೂ ಬದುವಿನ ಮೇಲಿನ ಆ ಪುಟ್ಟ ಚಪ್ಪಲಿ ಜೋಡಿಯನ್ನು ನೋಡುತ್ತಲೇ ಇದ್ದಳು. ತೆತ್ಸು ಬರಿಗಾಲಲ್ಲಿ ಹೊರಗೆ ಹೋದಾಗಲೆಲ್ಲ ಓಡಿಹೋಗಿ ಬಯ್ದು ಚಪ್ಪಲಿ ಹಾಕಿಸಿದ್ದಳು. ಮೊನ್ನೆ ಡಾಕ್ಟರಿಗೆ ಚೋಕಿಯ ವಿಷಯ ಹೇಳಿದಾಗ ಅವನು ಪೆನ್ನು ಕೆಳಗಿಟ್ಟು, ನಿಮ್ಮ ಅಮ್ಮನಿಗೆ ತಮ್ಮಂದಿರಿದ್ದರಾ ಎಂದು ಕೇಳಿದ. ಇದ್ದರಂತೆ, ತೊಟ್ಟಿಲಲ್ಲೇ ಹೋದರಂತೆ ಎಂದಳು. ಆಮೇಲೆ ಅವಳು ತಪ್ಪು ಒಪ್ಪಿಕೊಳ್ಳುವವಳಂತೆ, ಚಪ್ಪಲಿ ಬಿಚ್ಚಿಸಿದ್ದು ನಾನೇ ಎಂದಳು. "ನೀವೂ ಬಿಚ್ಚಿದ್ರಲ್ಲ? ನೀವೂ ಅದೇ ಮಣ್ಣಲ್ಲಿ ನಿಂತಿದ್ರಿ," ಎಂದ ಅವನು. ಅದೇ ಮಣ್ಣು, ಇಬ್ಬರು ಮಕ್ಕಳು. ಅಷ್ಟು ವರ್ಷ ಹೊತ್ತ ಕಲ್ಲೊಂದು ಇಳಿಯಿತು ಅನ್ನುವಷ್ಟರಲ್ಲಿ ಅದಕ್ಕಿಂತ ದೊಡ್ಡದನ್ನು ಮಡಿಲಿಗೆ ಹಾಕಿದ್ದ.

ಚಾಪೆ ಹಾಸಿ, ಚಪ್ಪಲಿ ಬಿಟ್ಟು, ಎಲ್ಲರೂ ಕೂತರು. ಪೆಟ್ಟಿಗೆಗಳ ಮುಚ್ಚಳ ತೆಗೆದರು. ಮಾಂಸದ ತೊಗಲು ಈಗ ಮೇಲಿದ್ದು ಹೊಳೆಯುತ್ತಿತ್ತು. ಕಾಮದೋ ಊದುಕಡ್ಡಿ ಹಚ್ಚಿ, ಲೋಟಕ್ಕೆ ಅವಾಮೊರಿ ಸುರಿದು, ಮಂಡಿಯೂರಿ, ಬೇಲಿಯಾಚೆಯವರನ್ನು ಕರೆಯುವ ದನಿಯಲ್ಲಿ ಶುರು ಮಾಡಿದಳು. "ಏನ್ರೀ, ಎಲ್ಲಾ ಎದ್ದಿದೀರಾ? ಬಂದಿದೀವಿ. ಈ ವರ್ಷ ಕಬ್ಬು ಪರವಾಗಿಲ್ಲ. ಮೊರಿಯಾಸು ಹೊಸ ವ್ಯಾನು ತಗೊಂಡ, ಬೇಡ ಅಂದ್ರೂ ಕೇಳ್ಲಿಲ್ಲ. ಹುಡುಗನ ವಿಷಯ ನಿಮಗೆ ಗೊತ್ತೇ ಇದೆ." ಇಲ್ಲಿ ನಿಲ್ಲಿಸಿ, ಓರೆಯಾಗಿದ್ದ ಊದುಕಡ್ಡಿಯನ್ನು ಸರಿಮಾಡಿದಳು. "ಮೊರಿತೋಕು, ನಿನಗೊಂದು ಮಾತು ಹೇಳ್ಬೇಕಪ್ಪಾ. ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ನಿನ್ನನ್ನ ಪೀಠಕ್ಕೆ ಹತ್ತಿಸಿದವಳೂ ನಾನೇ..."

ಚಿರೂ ಕೈಮುಗಿದು ಕೂತಿದ್ದಳು. ತೊಡೆಯ ಮೇಲೆ ಆ ಬಟ್ಟೆ. ಅದರ ಒಂದು ಮೂಲೆಯನ್ನು ಕಿರುಬೆರಳಲ್ಲಿ ಮಡಿಸುತ್ತಿದ್ದಳು.

"ಅತ್ತೆ, ಮಾಂಸ ತಣ್ಣಗಾಗುತ್ತೆ," ಎಂದಳು ಫುಮಿಕೊ.

ಎಲ್ಲರೂ ತಿರುಗಿ ನೋಡಿದರು. ಒಬ್ಬಳು ನಾದಿನಿ ಕಿಸಕ್ಕೆಂದಳು. ಫುಮಿಕೊಗೆ ಕಿವಿ ಬಿಸಿಯಾಯಿತು. ಇಷ್ಟೇ ನನ್ನ ಯೋಗ್ಯತೆ ಅನ್ನಿಸಿತು.

"ತಣ್ಣಗಾದ್ರೆ ಅವರೇನು ಬಿಸಿಮಾಡು ಅಂತಾರಾ? ಸುಮ್ಮನಿರು," ಎಂದಳು ಕಾಮದೋ.

"ಅತ್ತೆ, ಚಿಕ್ಕಮಾವನ ಹಲಗೆ ಅಲ್ಲೇ ಇರ್ಲಿ. ತೆತ್ಸುದು ನನ್ನ ಕಡೆಯಿಂದ ಬಂದಿದ್ದು."

"ಏನು ಬಂದಿದ್ದು?"

"ರೋಗ. ಅಮ್ಮಂದಿರಿಂದ ಗಂಡುಮಕ್ಕಳಿಗೆ ಬರುತ್ತಂತೆ. ನನ್ನ ತಮ್ಮ ಒಬ್ಬ ಹೀಗೇ ಹೋದ. ಅಮ್ಮನ ತಮ್ಮಂದಿರೂ. ಡಾಕ್ಟ್ರು ಹೇಳಿದ್ರು."

ಮೊರಿಯಾಸು ಕೈಯಲ್ಲಿದ್ದ ಲೋಟವನ್ನು ಚಾಪೆಯ ಮೇಲಿಟ್ಟ. ಅದು ಓರೆಯಾಯಿತು, ಯಾರೂ ಎತ್ತಲಿಲ್ಲ. "ಯಾವಾಗ ಹೇಳಿದ್ರು?"

"ಮೊನ್ನೆ."

"ಮೊನ್ನೆಯಿಂದ ಬಾಯಲ್ಲೇನು ಇಟ್ಕೊಂಡಿದ್ದೆ?" ಎಂದಳು ಕಾಮದೋ. ಎದ್ದು ನಿಂತಿದ್ದಳು, ಮಂಡಿನೋವು ಮರೆತು. "ನಿನ್ನಿಂದಾನಾ? ಕಲ್ಲುಗುಂಡಿನ ಹಾಗಿದೀಯಲ್ಲೇ ನೀನು! ಒಂದು ದಿನ ನೆಗಡಿ ಅಂತ ಮಲಗಿದವಳಲ್ಲ."

"ಹೆಂಗಸರಿಗೇನೂ ಆಗಲ್ಲವಂತೆ. ನಾವು ಹೊರೋದಷ್ಟೇ ಅಂತೆ."

"ಹೊರೋದಷ್ಟೇ," ಎಂದಳು ಚಿರೂ, ತನ್ನಷ್ಟಕ್ಕೆ. "ಅದೇನು ಹೊಸದಾ ನಮಗೆ."

"ಮದುವೆಗೆ ಮುಂಚೆ ನಿಮ್ಮಮ್ಮ ಯಾಕೆ ಬಾಯಿಬಿಡ್ಲಿಲ್ಲ?"

"ಅವಳಿಗೆಲ್ಲಿ ಗೊತ್ತಿತ್ತು ಅತ್ತೆ? ನಾನೇ ಕೊಂದೆ ಅಂದ್ಕೊಂಡಿದ್ದೆ ನಾನು." ಇದನ್ನು ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಅಳು ಬಂತು. ಈ ಮನೆತನದವರೆಲ್ಲರ ಮುಂದೆ, ಬದುಕಿದ್ದವರು ಸತ್ತವರು ಎಲ್ಲರ ಮುಂದೆ, ಮೂಗಿನಲ್ಲಿ ನೀರು ಸುರಿಸಿಕೊಂಡು ಅತ್ತಳು.

ಕಾಮದೋ ಅವಳನ್ನು ನೋಡಿದಳು, ಚಿರೂನನ್ನು ನೋಡಿದಳು, ಆ ನೇರಳೆ ಬಟ್ಟೆಯನ್ನು ನೋಡಿದಳು. ಆಮೇಲೆ ಗೋರಿಯ ಕಡೆ ತಿರುಗಿ ಧೊಪ್ಪನೆ ಮಂಡಿಯೂರಿದಳು. "ಮೊರಿತೋಕು, ಎದ್ದು ಹೊರಟಿದ್ರೆ ಕೂತ್ಕೋ ಮಾರಾಯ. ನಿನ್ನದೇನೂ ತಪ್ಪಿಲ್ಲ. ಆ ಯುತಾ ಬಾಯಿಗಿಷ್ಟು ಮಣ್ಣು ಹಾಕ. ಅಲ್ಲೇ ಇರು, ನಿಮ್ಮಣ್ಣನ ಪಕ್ಕ." ಚಿರೂ ಕಡೆ ತಿರುಗಿ ಗದರಿದಳು: "ಆ ಬಟ್ಟೆ ಒಳಗಿಡೇ, ಎಷ್ಟೊತ್ತು ಮಡಿಸ್ತೀಯ ಅದನ್ನ!" ಚಿರೂ ಬಟ್ಟೆಯಿಂದ ಮುಖ ಒರೆಸಿಕೊಂಡಳು. ಇಸ್ತ್ರಿ ಹಾಳಾಯಿತು.

"ನಿನ್ನ ತಮ್ಮನ ಹೆಸರೇನು?" ಎಂದು ಕೇಳಿದಳು ಕಾಮದೋ, ಫುಮಿಕೊ ಕಡೆ ನೋಡದೆ.

ಈ ಮನೆಗೆ ಬಂದಾಗಿನಿಂದ ಯಾರೂ ಕೇಳಿರಲಿಲ್ಲ. "ಚೋಕಿ," ಎಂದಳು. ಎಷ್ಟೋ ಕಾಲದಿಂದ ಆಡದ ಹೆಸರು.

"ನಿಮ್ಮ ಕಡೆ ಇನ್ನೂ ಗಂಡುಹುಡುಗ್ರು ಇದಾರಾ?"

"ನೊಬುಕೊ ಮಗ. ಮಸಾತೊ."

"ಫೋನ್ ಮಾಡಿದ್ಯಾ ಅವಳಿಗೆ?"

ಫುಮಿಕೊ ತಲೆ ಅಲ್ಲಾಡಿಸಿದಳು.

"ನಿನ್ನ ಮನೆ ಹಾಳಾಗ!" ಕಾಮದೋ ಕೈ ಎತ್ತಿದಳು, ಹೊಡೆಯುತ್ತಾಳೆಂದೇ ಎಲ್ಲರೂ ಅಂದುಕೊಂಡರು. ಆ ಕೈಯಿಂದ ಗುಡ್ಡದ ಬುಡದ ಅಂಗಡಿ ತೋರಿಸಿದಳು. "ಏಳು! ಇವರೆಲ್ಲ ಕಾಯ್ತಾರೆ, ಇವರಿಗೇನು ಕೆಲಸ. ಓಡು!"

ಫುಮಿಕೊ ಓಡಿದಳು. ಗೋರಿಯ ಅಂಗಳ ದಾಟಿ, ಕಡಿದ ಹುಲ್ಲು ಚುಚ್ಚುತ್ತ, ಕಬ್ಬಿನ ಗದ್ದೆಯ ಅಂಚಿನ ಕೆಸರಲ್ಲಿ. "ಚಪ್ಪಲಿ! ಚಪ್ಪಲಿ ಹಾಕ್ಕೋ!" ಎಂದು ಮೊರಿಯಾಸು ಅವಳ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿಬರುತ್ತಿದ್ದ. ಅವಳ ಅಂಗಾಲಿಗೆ ಆಗ ಮಣ್ಣು ತಾಗಿತು. ತಣ್ಣಗಿತ್ತು. ಅವಳು ನಿಲ್ಲಲಿಲ್ಲ.

ಅಂಗಡಿಯ ಮುಂದಿನ ಕೆಂಪು ಫೋನಿಗೆ ಗಂಡನೇ ಏದುಸಿರು ಬಿಡುತ್ತ ಬಿಲ್ಲೆ ಹಾಕಿದ. ಆಮೇಲೆ ಕೂತು, ಯಾರು ನೋಡುತ್ತಾರೆಂದು ನೋಡದೆ, ಅವಳ ಪಾದದ ಕೆಸರನ್ನು ಕರವಸ್ತ್ರದಿಂದ ಒರೆಸತೊಡಗಿದ. ಆ ಕಡೆ ಗಂಟೆ ಬಾರಿಸುತ್ತಿತ್ತು. ಬಿಡಬೇಡ, ಎತ್ತು ಎಂದುಕೊಂಡಳು.

"ಅಕ್ಕಾ? ಇವತ್ತು ಶೀಮಿ ಅಲ್ವಾ ನಿಮಗೆ? ಏನಾಯ್ತು, ತೆತ್ಸು ಹೇಗಿದಾನೆ?"

"ನೊಬು, ಚೋಕಿ ಸತ್ತದ್ದು ನಾನವನನ್ನ ಗೆಣಸಿನ ಹೊಲಕ್ಕೆ ಕರ್ಕೊಂಡು ಹೋದದ್ದಕ್ಕಲ್ಲ."

"ಹಾಗಂತ ಯಾರಂದಿದ್ರಕ್ಕಾ?"

ಫುಮಿಕೊ ನೆನಪು ಮಾಡಿಕೊಂಡು ನೋಡಿದಳು. ಅಮ್ಮ, ಅಪ್ಪ, ಅಜ್ಜಿ, ನೆರೆಮನೆಯವರು. ಒಂದೊಂದೇ ಮುಖ. ಯಾರೂ ಅಂದಿರಲಿಲ್ಲ.

"ಮಸಾತೊ ಕಿವಿ ಹೇಗಿದೆ?"

"ನಿನ್ನೆಯಿಂದ ಮತ್ತೆ ಸೋರ್ತಾ ಇದೆ. ಈಗಷ್ಟೇ ಮಲಗಿದ."

"ಎಬ್ಬಿಸು. ಎತ್ಕೊಂಡು ತೆತ್ಸು ಇರೋ ಆಸ್ಪತ್ರೆಗೆ ಹೊರಡು, ನಾನು ಬಾಗಿಲಲ್ಲೇ ಇರ್ತೀನಿ. ಔಷಧ ಇದೆ ನೊಬು, ಚಿಕ್ಕವನಿದ್ದಾಗಲೇ ಕೊಟ್ರೆ ಏನೂ ಆಗಲ್ವಂತೆ."

"ಈಗ್ಲೇನಾ?" ನೊಬುಕೊ ದನಿ ಇಳಿಸಿದಳು, ಅವಳ ಹಿಂದೆ ಯಾರೋ ಕೆಮ್ಮಿದರು. "ಅಕ್ಕಾ, ಅತ್ತೆ ಇಲ್ಲೇ ಕೂತಿದಾರೆ. ಇದು ಯಾವ ಕಡೆಯಿಂದ ಬಂತು ಅಂತ ಕೇಳ್ತಾರೆ. ಏನು ಹೇಳ್ಲಿ?"

ಕಾಲಬಳಿ ಮೊರಿಯಾಸು ಒಂದು ಚಪ್ಪಲಿ ತೊಡಿಸಿ ಇನ್ನೊಂದನ್ನು ಹಿಡಿದುಕೊಂಡು ಮೇಲಕ್ಕೆ ನೋಡುತ್ತಿದ್ದ. ಗುಡ್ಡದ ಮೇಲಿಂದ ಕಾಮದೋ ಯಾರನ್ನೋ ಬಯ್ಯುವುದು ಇಲ್ಲಿಗೂ ಕೇಳಿಸುತ್ತಿತ್ತು.

"ನಮ್ಮ ಕಡೆಯಿಂದ ಅಂತ ಹೇಳು," ಎಂದಳು ಫುಮಿಕೊ. "ಚೋಕಿ ಇದ್ದನಲ್ಲ, ಆ ಕಡೆಯಿಂದ."